ಆನೆ ಅಟ್ಟಿಸಿಕೊಂಡು ಬಂದ ಕನಸಿಗೆ ಅರ್ಥ ಏನು?

ನಿಮ್ಮ ಪ್ರಶ್ನೆ: "ಇಲ್ಲಿ ಯಾರಾದರೂ ಲೈಬ್ರರಿಯನ್ ಇದ್ದೀರಾ? ಗ್ರಂಥಾಲಯಗಳ ಬಗ್ಗೆ ಇಂಟರ್ನೆಟ್‌ನಲ್ಲಿ ಸಿಕ್ಕಿದ್ದರಲ್ಲಿ ನಿಮ್ಮನ್ನು ನಿಜವಾಗಿ ನಗಿಸಿದ್ದು ಯಾವುದು?"

ಇದ್ದೇನೆ. ಹಾಸನ ಜಿಲ್ಲೆ, ಸಕಲೇಶಪುರದ ಕಡೆ ಒಂದು ಸಣ್ಣ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಜುಲೈನಲ್ಲಿ ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ, ಓದುಗರೂ ಬರುವುದಿಲ್ಲ. ಮೊಬೈಲ್‌ನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಸುಮ್ನೆ ಏನಾದರೂ ಹುಡುಕುತ್ತಾ ಕೂರುತ್ತೇನೆ. ಹಾಗೆ ಸಿಕ್ಕಿದವು ಇವು.

ಮೊದಲೇ ಹೇಳಿಬಿಡುತ್ತೇನೆ, ಕನ್ನಡಕ ಹಾಕಿದ ಹೆಂಗಸು ತುಟಿ ಮೇಲೆ ಬೆರಳಿಟ್ಟು "ಶ್!" ಅನ್ನುವ ಮೀಮ್‌ಗಳು ನನಗೆ ಸಾಕಾಗಿವೆ. ನಮ್ಮಲ್ಲಿ ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರಿಗೆ ಒಮ್ಮೆ "ಶ್" ಅಂದು ನೋಡಿ, ಆಮೇಲೆ ಮಾತಾಡೋಣ.

ನನ್ನ ಅಚ್ಚುಮೆಚ್ಚಿನದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಚೀಟಿಗಳು. 2014ರಲ್ಲಿ ಅಲ್ಲಿನ ಸಿಬ್ಬಂದಿಗೆ ಒಂದು ಹಳೇ ಡಬ್ಬ ಸಿಕ್ಕಿತು. ಅದರೊಳಗೆ 1940ರ ದಶಕದಿಂದ 1980ರ ದಶಕದವರೆಗೆ ಜನ ಬಂದು, ಫೋನ್ ಮಾಡಿ ಕೇಳಿದ ಪ್ರಶ್ನೆಗಳು. ಗೂಗಲ್ ಇಲ್ಲದ ಕಾಲ, ಎಲ್ಲದಕ್ಕೂ ಲೈಬ್ರರಿಯನ್ನೇ ಕೇಳಬೇಕಿತ್ತು. ವಿಚಿತ್ರ ಅನಿಸಿದ್ದನ್ನು ಯಾರೋ ಚೀಟಿಯಲ್ಲಿ ಬರೆದಿಟ್ಟಿದ್ದರು. ಅವನ್ನು ಒಂದೊಂದಾಗಿ ಇನ್‌ಸ್ಟಾಗ್ರಾಂಗೆ ಹಾಕಿದರು. ಮನೆಯಲ್ಲಿ ಆಕ್ಟೋಪಸ್ ಸಾಕಬಹುದಾ ಅಂತ ಒಬ್ಬರಿಗೆ ಅನುಮಾನ. 1976ರಲ್ಲಿ ಇನ್ನೊಬ್ಬರು, 18ನೇ ಶತಮಾನದ ಇಂಗ್ಲಿಷ್ ಚಿತ್ರಗಳಲ್ಲಿ ಇಷ್ಟೊಂದು ಅಳಿಲು ಯಾಕಿವೆ, ಚಿತ್ರಕಾರನನ್ನು ಕಚ್ಚದ ಹಾಗೆ ಅವನ್ನು ಹೇಗೆ ಪಳಗಿಸಿದರು ಅಂತ ಕೇಳಿದ್ದಾರೆ.

1947ರ ಚೀಟಿ ಇದು: "ಆನೆ ಅಟ್ಟಿಸಿಕೊಂಡು ಬಂದ ಹಾಗೆ ಕನಸು ಬಿದ್ದರೆ ಅರ್ಥ ಏನು?" ನ್ಯೂಯಾರ್ಕಿನವರಿಗೆ ಇದು ತಮಾಷೆ. ಆಲೂರು, ಸಕಲೇಶಪುರ ಕಡೆಯವರಿಗೆ ಅರ್ಥ ಹುಡುಕುವ ಅಗತ್ಯವೇ ಇಲ್ಲ. ಆನೆ ಯಾವ ತೋಟದಲ್ಲಿದೆ ಅಂತ ಬೆಳಿಗ್ಗೆ ವಾಟ್ಸಾಪ್ ನೋಡಿಕೊಂಡೇ ನಾನು ಬೈಕ್ ತೆಗೆಯುವುದು. ಈ ಚೀಟಿಯನ್ನು ಓದಿ ಹೇಳಿದಾಗ ನಮ್ಮ ಓದುಗರೊಬ್ಬರು ನಗಲೇ ಇಲ್ಲ. "ಒಂಟಿಯೋ, ಗುಂಪೋ?" ಅಂತ ಕೇಳಿದರು.

ಇನ್ನೊಂದು ಚೀಟಿಯಲ್ಲಿ, ಅಂಟೂ ಸೇರಿ ಅಂಚೆ ಚೀಟಿಯ ದಪ್ಪ ಎಷ್ಟು ಅಂತ ಫೋನಿನಲ್ಲಿ ಯಾರೋ ಕೇಳುತ್ತಾರೆ. "ಅದನ್ನು ತಕ್ಷಣ ಹೇಳಲು ಆಗುವುದಿಲ್ಲ, ಅಂಚೆ ಕಚೇರಿಯಲ್ಲಿ ವಿಚಾರಿಸಿ" ಅನ್ನುತ್ತಾರೆ ಲೈಬ್ರರಿಯವರು. ಆ ಕಡೆಯಿಂದ ಉತ್ತರ: "ನಾವು ಅಂಚೆ ಕಚೇರಿಯವರೇ ಮಾತಾಡ್ತಿರೋದು." ಇದನ್ನು ಓದಿ ಒಬ್ಬನೇ ಜೋರಾಗಿ ನಕ್ಕೆ. ಯಾಕಂದರೆ ನನಗೂ ಹಾಗೇ ಆಗಿದೆ. ಒಬ್ಬ ರೈಟರ್ ಬಂದಿದ್ದರು. ನಮ್ಮ ಕಡೆ ರೈಟರ್ ಅಂದರೆ ಸಾಹಿತಿ ಅಲ್ಲ, ಕಾಫಿ ತೋಟದ ಲೆಕ್ಕ ಬರೆಯುವವರು. ಕಾಳುಮೆಣಸಿನ ಬಳ್ಳಿ ಒಣಗುವ ರೋಗದ ಬಗ್ಗೆ ಪುಸ್ತಕ ಬೇಕಿತ್ತು. ಪುಸ್ತಕ ಇರಲಿಲ್ಲ. ಇಂಥ ಆಫೀಸಿಗೆ ಹೋಗಿ ಕೇಳಿ ಅಂದೆ. "ಅಲ್ಲಿಂದಲೇ ಬರ್ತಿದೀನಿ ಸಾರ್, ಅವರೇ ಲೈಬ್ರರೀಲಿ ನೋಡಿ ಅಂದ್ರು" ಅಂದರು. ಅವರ ಚೀಟಿಯನ್ನು ನಾನೂ ಒಂದು ಡಬ್ಬದಲ್ಲಿ ಹಾಕಿಡಬೇಕಿತ್ತು.

ಗ್ರಂಥಾಲಯದ್ದಲ್ಲದಿದ್ದರೂ ಕಾಫಿ ಸೀಮೆಯವನಾಗಿ ಒಂದನ್ನು ಬಿಡಲಾರೆ. 404 ನಿಮಗೆ ಗೊತ್ತು, ಕೇಳಿದ ಪುಟ ಸಿಗದಿದ್ದರೆ ಬರುವ ಸಂಖ್ಯೆ. ರಿಜಿಸ್ಟರ್‌ನಲ್ಲಿ ಇದೆ, ಕಪಾಟಿನಲ್ಲಿ ಇಲ್ಲ ಅನ್ನುವುದು ನನಗೆ ದಿನಾ ಇದ್ದದ್ದೇ. ಅದರ ತಮ್ಮ 418. 1998ರ ಏಪ್ರಿಲ್ 1ರಂದು ಲ್ಯಾರಿ ಮಾಸಿಂಟರ್ ಎಂಬ ತಂತ್ರಜ್ಞರು, ಕಾಫಿ ಪಾತ್ರೆಯನ್ನು ಇಂಟರ್ನೆಟ್ ಮೂಲಕ ನಡೆಸುವ ನಿಯಮಗಳನ್ನು ಗಂಭೀರ ಭಾಷೆಯಲ್ಲಿ ಬರೆದು ಪ್ರಕಟಿಸಿದರು. ಟೀ ಪಾತ್ರೆಗೆ ಕಾಫಿ ಮಾಡು ಅಂದರೆ ಅದು 418 ಕಳಿಸಬೇಕು: "ನಾನು ಟೀ ಪಾತ್ರೆ." 2017ರಲ್ಲಿ ಇದನ್ನು ತೆಗೆಯಬೇಕೆಂಬ ಮಾತು ಬಂದಾಗ ಜನ ಗಲಾಟೆ ಮಾಡಿ ಉಳಿಸಿಕೊಂಡರು. ಒಳ್ಳೇದೇ ಆಯಿತು.

ಈಗ ಶಾಪದ ವಿಷಯ. ಪುಸ್ತಕ ಕದ್ದವನ ಕೈಯಲ್ಲಿ ಅದು ಹಾವಾಗಲಿ, ಅವನಿಗೆ ಲಕ್ವ ಹೊಡೆಯಲಿ, ಪುಸ್ತಕದ ಹುಳು ಅವನ ಕರುಳು ಕೊರೆಯಲಿ ಎಂಬ ಶಾಪ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ಬಾರ್ಸಿಲೋನಾದ ಹಳೇ ಕ್ರೈಸ್ತ ಮಠದ್ದು ಅಂತ ಕೆಳಗೆ ಬರೆದಿರುತ್ತದೆ. ನಾನೂ ನಂಬಿ ಗುಂಪುಗಳಿಗೆ ಕಳಿಸಿದ್ದೆ. ಆಮೇಲೆ ಗೊತ್ತಾಯಿತು, ಇದು ಎಡ್ಮಂಡ್ ಪಿಯರ್ಸನ್ ಎಂಬ ಅಮೆರಿಕದ ಲೈಬ್ರರಿಯನ್ ಮಾಡಿದ ಕಿತಾಪತಿ. 1773ರ ಪಂಚಾಂಗ ಸಿಕ್ಕಿದೆ ಅಂತ ಹೇಳಿ, ತಾನೇ ಎಲ್ಲ ಬರೆದು 1909ರಲ್ಲಿ ಅಚ್ಚು ಹಾಕಿಸಿದ್ದ. ಆಗಿನ ಕೆಲವು ಪತ್ರಿಕೆಗಳೂ ನಂಬಿದವು. ನೂರು ವರ್ಷ ದಾಟಿದರೂ ಫಾರ್ವರ್ಡ್ ಆಗುತ್ತಲೇ ಇದೆ. ನಮ್ಮ ವೃತ್ತಿಯವನೇ ಅಲ್ವಾ, ಸಿಟ್ಟಿಗಿಂತ ಹೆಮ್ಮೆಯೇ ಜಾಸ್ತಿ.

ಶಾಪಕ್ಕೆ ನಾವು ಬಾರ್ಸಿಲೋನಾಗೆ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲೇ, ದತ್ತಿಯನ್ನು ಹಾಳು ಮಾಡಿದವನಿಗೆ "ಮಹಾಪಾತಕಂ" ಅಂತ ಕೆತ್ತಿದೆ. ಆಮೇಲಿನ ಶಾಸನಗಳಲ್ಲಂತೂ, ದಾನ ಕೊಟ್ಟದ್ದನ್ನು ಕಿತ್ತುಕೊಂಡವ ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ಊರೂರಿಗೂ ಇದೆ. ಲೇಟ್ ಫೀ ಅಂದರೆ ಇದು.

ಹಳೇ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಶ್ಲೋಕವೂ ಸ್ಕ್ಯಾನ್ ಮಾಡಿದ ಪುಟವೊಂದರಲ್ಲಿ ಸಿಕ್ಕಿತು: "ತೈಲಾದ್ರಕ್ಷ ಜಲಾದ್ರಕ್ಷ ರಕ್ಷ ಮಾಂ ಶ್ಲಥಬಂಧನಾತ್, ಮೂರ್ಖಹಸ್ತೇ ನ ದಾತವ್ಯಂ ಏವಂ ವದತಿ ಪುಸ್ತಕಂ." ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಹೊಲಿಗೆಯಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ, ಹೀಗಂತ ಪುಸ್ತಕ ಹೇಳುತ್ತದೆ. ಚಕ್ಕುಲಿ ತಿಂದ ಕೈಯಲ್ಲಿ ಕಾದಂಬರಿ ಓದಿ ವಾಪಸ್ ಕೊಡುವವರನ್ನು ನೆನೆದು, ಅರ್ಥ ಸಮೇತ ಪ್ರಿಂಟ್ ತೆಗೆದು ಕೌಂಟರ್ ಪಕ್ಕ ಅಂಟಿಸಿದೆ.

ವಾರದೊಳಗೆ ಯಾರೋ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದರು: "ಗೆದ್ದಲು ಬಿಟ್ಟುಹೋಗಿದೆ ಸಾರ್." ಒಳಗಿನ ಕೋಣೆಯ ಮೂರನೇ ಕಪಾಟು ನೋಡಿದವರೇ ಇರಬೇಕು.