ಜಿಐ ಟ್ಯಾಗ್‌ನಿಂದ ವೈನ್ ಮಾಡುವವರು ಕಲಿಯುವುದೇನು?

ಜಿಐ ಟ್ಯಾಗ್ (ಒಂದು ಪ್ರದೇಶದ ವಿಶೇಷ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು) ಅಂದ್ರೆ ಬಾಟಲಿ ಮೇಲಿನ ಹೆಸರು ಅಷ್ಟೇ ಅಲ್ವಾ, ಅದರಿಂದ ವೈನ್ ಮಾಡುವವರಿಗೆ ಹೊಸ ಕಲಿಕೆ ಏನಿದೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಟ್ಯಾಗ್ ಸಿಕ್ಕ ಮೇಲಿಗಿಂತ ಅದನ್ನು ಪಡೆಯುವ ದಾರಿಯಲ್ಲೇ ಕಲಿಕೆ ಜಾಸ್ತಿ.

ಬ್ರೆಜಿಲ್‌ನ ವಾಲೆ ದೋಸ್ ವಿನ್ಹೆದೋಸ್ ಎಂಬ ವೈನ್ ಪ್ರದೇಶ ನೋಡಿ. ಆ ದೇಶದ ಮೊದಲ ಜಿಐ ಅದು, 2002ರಲ್ಲಿ ಸಿಕ್ಕಿತು. ಗಡಿ ಎಲ್ಲಿ, ಮಣ್ಣು ಎಂಥದ್ದು, ಹವಾಮಾನ ಹೇಗೆ ಎಂದು ಸುಮ್ನೆ ಬಾಯಿಮಾತಲ್ಲಿ ಹೇಳಿದರೆ ನಡೆಯುವುದಿಲ್ಲ, ತೋರಿಸಬೇಕು. ಹಾಗಾಗಿ ಬೆಳೆಗಾರರು ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಜೊತೆ ಕೆಲಸ ಮಾಡಿದರು. ಅಂದಾಜಿನಲ್ಲಿ ಗೊತ್ತಿದ್ದದ್ದು ನಕ್ಷೆಗೆ, ಅಳತೆಗೆ ಬಂತು. 2012ರಲ್ಲಿ ಇನ್ನೂ ಬಿಗಿಯಾದ ದರ್ಜೆ ಸಿಕ್ಕಾಗ ಕೆಂಪು ವೈನ್‌ಗೆ ಮೆರ್ಲೋ, ಬಿಳಿಗೆ ಶಾರ್ಡನೆ ಮುಖ್ಯ ದ್ರಾಕ್ಷಿ ತಳಿ ಎಂದು ಗೊತ್ತುಮಾಡಿದರು. ತಮ್ಮ ನೆಲಕ್ಕೆ ಯಾವುದು ಒಗ್ಗುತ್ತದೆ ಅಂತ ತಿಳಿಯದೆ ಇಂಥ ತೀರ್ಮಾನ ಆಗುವುದಿಲ್ಲ.

ಇನ್ನೊಂದು, ವೈನ್‌ಗೆ ಜಿಐ ಹೆಸರು ಹಾಕುವ ಮುಂಚೆ ರುಚಿ ನೋಡುವ ಸಮಿತಿ. ಯಾರ ವೈನ್ ಅಂತ ಗೊತ್ತಿಲ್ಲದೆ ಸವಿದು, ದೋಷ ಇದ್ದರೆ ಏನೆಂದು ಬಿಡಿಸಿ ಹೇಳಬೇಕು. ಸಮಿತಿಯಲ್ಲಿ ಕೂರುವ ವೈನ್ ತಯಾರಕರ ನಾಲಿಗೆ ಪಳಗುವುದು ಇಲ್ಲೇ. (ಪಕ್ಕದವನ ವೈನ್‌ನ ತಪ್ಪು ಬೇಗ ಕಾಣುತ್ತದೆ, ಅದು ಬೇರೆ ಮಾತು!)

ಆದರೆ ನಿಯಮ ಕಾಲಿಗೆ ತೊಡಕೂ ಆಗಬಹುದು. 1970ರ ದಶಕದಲ್ಲಿ ಇಟಲಿಯಲ್ಲಿ ಕಿಯಾಂತಿ ಹೆಸರಿನ ಕೆಂಪು ವೈನ್‌ಗೆ ನಿಯಮದಂತೆ ಬಿಳಿ ದ್ರಾಕ್ಷಿ ಬೆರೆಸಲೇಬೇಕಿತ್ತು. ಕೆಲವರು ಬೇಸತ್ತು ಆ ಹೆಸರನ್ನೇ ಬಿಟ್ಟು ತಮಗೆ ಸರಿ ಕಂಡಂತೆ ಮಾಡಿದರು. ಅವರ ವೈನ್ ಗೆದ್ದಿತು, ಆಮೇಲೆ ನಿಯಮವೇ ಬದಲಾಯಿತು. ಹಾಗಾಗಿ ಯಾವುದೇ ಜಿಐ ಬಗ್ಗೆ ಓದುವಾಗ, ನಿಯಮ ಬರೆದವರು ಯಾರು, ಅದನ್ನು ಎಷ್ಟು ಸಲ ತಿದ್ದಿದ್ದಾರೆ ಅಂತ ಮೊದಲು ಹುಡುಕಿ.