ಮೂವತ್ತೇಳೂವರೆ ಗಂಟೆಯ ಶನಿವಾರ

ಪ್ರಶ್ನೆ: ಮಗಳ ಬಾಣಂತನಕ್ಕೆ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇನೆ. ಟಿಕೆಟ್ ದುಬೈ ಮೇಲೆ. ಶನಿವಾರ ಬೆಳಗಿನ ಜಾವ 4.30ಕ್ಕೆ ಬೆಂಗಳೂರು ಬಿಟ್ಟು, ಅದೇ ಶನಿವಾರ ಮಧ್ಯಾಹ್ನ 1ಕ್ಕೆ ತಲುಪುತ್ತದೆ ಎಂದಿದೆ. ಅಮೆರಿಕಕ್ಕೆ ಬರೀ ಎಂಟೂವರೆ ಗಂಟೆಯೇ? ಅಂದಹಾಗೆ, ನಾನು ಶನಿವಾರ ಒಪ್ಪತ್ತು ಮಾಡುವವಳು.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಪ್ಪತ್ತು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತವನು ನಾನು. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತಿತ್ತು ತಾಯಿ. ಒಪ್ಪತ್ತಿನ ಮಾತು ಮಾತ್ರ ಹೊಸದು!

ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಹಾಕಿರುತ್ತಾರೆ. ಜನವರಿಯಲ್ಲಿ ಆ ಊರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಶನಿವಾರ ಮಧ್ಯಾಹ್ನ 1 ಗಂಟೆ ಅಂದರೆ ದಾವಣಗೆರೆಯಲ್ಲಿ ಭಾನುವಾರ ನಸುಕು 2.30. ಅಲ್ಲಿಗೆ ಲೆಕ್ಕ 22 ಗಂಟೆ. ದುಬೈಗೆ ಸುಮಾರು 4, ಅಲ್ಲಿ ಒಂದೆರಡು ಗಂಟೆ ಕಾಯುವುದು, ಆಮೇಲೆ ಒಂದೇ ಏಟಿಗೆ ಹತ್ತಿರ ಹತ್ತಿರ 16.

ದೂರ? ಬೆಂಗಳೂರಿನಿಂದ ನೇರ ಹಾರಿದರೆ ಸುಮಾರು 14,000 ಕಿಲೋಮೀಟರ್. ನಿಮ್ಮದು ದುಬೈಗೆ 2,700, ಅಲ್ಲಿಂದ 13,000. ವಿಮಾನ ಗೋಡೆಯ ನಕ್ಷೆಯಲ್ಲಿ ಕಾಣುವ ಹಾಗೆ ಅಡ್ಡಡ್ಡ ಹೋಗುವುದಿಲ್ಲ, ಮೇಲೆ ಉತ್ತರ ಧ್ರುವದ ಕಡೆಗೆ ಹತ್ತಿ ಇಳಿಯುತ್ತದೆ. ನಂಬದವರಿಗೆ ನಾನು ಮಕ್ಕಳ ಗ್ಲೋಬಿನ ಮೇಲೆ ಹೂ ಕಟ್ಟುವ ದಾರ ಎಳೆದು ತೋರಿಸುತ್ತಿದ್ದೆ. ಬಿಗಿಯಾಗಿ ಎಳೆದರೆ ದಾರ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ಅದೇ ಹತ್ತಿರದ ದಾರಿ.

ಈಗ ಒಪ್ಪತ್ತು. ನಿಮ್ಮ ಆ ಶನಿವಾರ ಇಲ್ಲಿ ನಡುರಾತ್ರಿ ಶುರುವಾಗಿ ಅಲ್ಲಿ ನಡುರಾತ್ರಿ ಮುಗಿಯುತ್ತದೆ. ಒಟ್ಟು ಮೂವತ್ತೇಳೂವರೆ ಗಂಟೆ! ಹನುಮಂತನಿಗೆ ಈ ಪೇಚು ಇರಲಿಲ್ಲ ಬಿಡಿ, ಲಂಕೆಗೂ ನಮಗೂ ಗಡಿಯಾರ ಇವತ್ತಿಗೂ ಒಂದೇ. ಶಾಸ್ತ್ರ ಹೇಳುವಷ್ಟು ದೊಡ್ಡವನಲ್ಲ ನಾನು. ಆದರೆ ಕೈಗಡಿಯಾರವನ್ನು ಇಳಿಯುವವರೆಗೂ ನಮ್ಮ ಸಮಯಕ್ಕೇ ಇಟ್ಟುಕೊಳ್ಳಿ, ನಮ್ಮ ಶನಿವಾರ ಮುಗಿದ ಮೇಲೆ ಊಟ ಮಾಡಿ ಅನ್ನುತ್ತೇನೆ. ಬಿಪಿ, ಶುಗರ್ ಮಾತ್ರೆ ಇದ್ದರೆ ಉಪವಾಸದ ಮಾತನ್ನೂ ಮಾತ್ರೆಯ ಹೊತ್ತನ್ನೂ ಡಾಕ್ಟರ ಹತ್ತಿರ ಮೊದಲೇ ಕೇಳಿ. ಆಗಾಗ ಎದ್ದು ಓಡಾಡಿ, ಕಾಲು ಊದುತ್ತದೆ.

ವಾಪಸ್ ಬರುವಾಗ ಇದೆಲ್ಲ ತಿರುಗುಮುರುಗು. 2021ರಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆ ಹಾದು ಬೆಂಗಳೂರಿಗೆ ನೇರ ಹಾರಿದರಲ್ವಾ? ಹೊರಟದ್ದು ಜನವರಿ 9ರ ಶನಿವಾರ ರಾತ್ರಿ. ಹಾರಿದ್ದು 17 ಗಂಟೆ ಚಿಲ್ಲರೆ. ಇಳಿದದ್ದು ಮಾತ್ರ ಸೋಮವಾರ ನಸುಕಿನಲ್ಲಿ.

ಹಾಗಾಗಿ ಕರೆದುಕೊಂಡು ಹೋಗಲು ಬರುವವರಿಗೆ ಟಿಕೆಟ್‌ನ +1, +2 ಗುರುತು (ಹೊರಟ ತಾರೀಖಿಗೆ ಎಷ್ಟು ದಿನ ಕೂಡಿಸಬೇಕು ಅಂತ) ನೋಡಿ ತಾರೀಖು ಹೇಳಿ. ನಾನು ಒಮ್ಮೆ ಸುಮ್ನೆ ‘ಮಾರನೇ ದಿನ ಬರ್ತೀನಿ’ ಎಂದುಬಿಟ್ಟಿದ್ದೆ. ನಮ್ಮ ಭಾವಮೈದ ದೇವನಹಳ್ಳಿಗೆ ಒಂದು ದಿನ ಮೊದಲೇ ಬಂದು, ಕಾರಿನಲ್ಲೇ ಮಲಗಿದ್ದ.