ಎಡಕುಮೇರಿ ಹಳಿ ಮೇಲೆ ಡಿಸೆಂಬರ್ ನಡಿಗೆ ಅಂತ ಕೇಳಿದವರಿಗೆ

ತಮ್ಮಾ, ಸಕಲೇಶಪುರದ ಹತ್ತಿರದ ದೋಣಿಗಲ್‌ನಿಂದ ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನಿಗೆ "ಹಳೇ ರೈಲು ದಾರಿ, ಪೂರ್ತಿ ಇಳಿಜಾರು, ಚಳಿಗಾಲದಲ್ಲಿ ಆರಾಮ, ರಾತ್ರಿ ಸ್ಟೇಷನ್ನಲ್ಲೇ ಮಲಗ್ತೀವಿ" ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ ಸೂಪರ್, ಸೂಪರ್ ಅಂದಿದ್ದಾರೆ. ಅದು ಈಗ ಹಳೇ ದಾರಿ ಅಲ್ಲ ಅಂತ ಒಬ್ಬರೂ ಹೇಳಿಲ್ಲ.

ನೀವು ಓದಿರೋ ಕಥೆಗಳೆಲ್ಲ ಮೀಟರ್ ಗೇಜ್, ಅಂದ್ರೆ ಕಿರಿದಾದ ಹಳೇ ಹಳಿಯ ಗಾಡಿ, ನಿಂತ ಕಾಲದ್ದು. 1979ರಲ್ಲಿ ಶುರುವಾದ ಆ ಲೈನು 1996ರಲ್ಲಿ ಬಂದ್ ಆಯ್ತು. ಆಮೇಲೆ ಹತ್ತು ವರ್ಷ ಘಾಟಿಯಲ್ಲಿ ಗಾಡಿಯೇ ಇರಲಿಲ್ಲ. ಬೆಂಗಳೂರಿನವರೂ ನಡೆದರು, ನಾವೂ ನಡೆದೆವು. 2006ರಲ್ಲಿ ಬ್ರಾಡ್ ಗೇಜ್ ಅನ್ನೋ ಅಗಲ ಹಳಿ ಮೇಲೆ ಗೂಡ್ಸ್ ಬಂತು, 2007ರ ಡಿಸೆಂಬರಿನಲ್ಲಿ ಪ್ಯಾಸೆಂಜರ್ ಗಾಡಿಯೂ ಬಂತು. ಈಗ ಹಳಿ ಮೇಲೆ ನಡೆದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. "ಸಾವಿರ ತಾನೇ, ಕಟ್ಟಿದರಾಯ್ತು" ಅನ್ನೋರು ಈ ಗುಂಪಿನಲ್ಲೇ ಇದ್ದಾರೆ, ಗೊತ್ತು. ಅವರಿಗೆ ಸುರಂಗದ ವಿಷಯ ಹೇಳ್ತೀನಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. ಗೂಡ್ಸ್ ಶುರುವಾದ ಮೇಲೂ ಹಳೇ ಗುಂಗಿನಲ್ಲೇ ಹೋದ ಗುಂಪಿನಲ್ಲಿ ನಾನೂ ಇದ್ದೆ. ಸುರಂಗದ ನಡುವೆ ಸದ್ದು ಕೇಳಿಸ್ತು. ಮುಂದಿನಿಂದ ಬರ್ತಿದೆಯೋ ಹಿಂದಿನಿಂದಲೋ ಗೊತ್ತಾಗಲ್ಲ, ಗೋಡೆಯೆಲ್ಲ ಒಟ್ಟಿಗೇ ಗುಡುಗುತ್ತೆ. ಕೆಲಸದವರು ನಿಲ್ಲೋಕೆ ಅಂತ ಗೋಡೆಯಲ್ಲಿ ಗೂಡು ಇರುತ್ತೆ. ಒಬ್ಬರು ನಿಲ್ಲೋ ಜಾಗದಲ್ಲಿ ಮೂರು ಜನ, ಬೆನ್ನಿಗೆ ಬ್ಯಾಗು ಬೇರೆ. ಗಾಡಿ ಹೋದ ಮೇಲೆ ಡೀಸೆಲ್ ಹೊಗೆ ಹೊರಗೆ ಹೋಗೋವರೆಗೂ ಟಾರ್ಚ್ ಬೆಳಕು ಮೊಣಕೈ ದಾಟಲಿಲ್ಲ. ಅಲ್ಲಿ ಇಳಿಜಾರು 50ಕ್ಕೆ 1, ಅಂದ್ರೆ 50 ಮೀಟರಿಗೆ ಒಂದು ಮೀಟರ್ ಇಳಿಯುತ್ತೆ. ಹತ್ತೋ ಗಾಡಿಯ ಅಬ್ಬರ ದೂರದಿಂದಲೇ ಕೇಳಿಸುತ್ತೆ. ಇಳಿಯೋ ಗಾಡಿ ಬ್ರೇಕ್ ಹಿಡ್ಕೊಂಡು ಮೆತ್ತಗೆ ಬರುತ್ತೆ. ಮಂಜಿನಲ್ಲಿ, ತಿರುವಿನಲ್ಲಿ ಅದು ಕಣ್ಣಿಗೆ ಬೀಳೋ ಹೊತ್ತಿಗೆ ಹತ್ತಿರವೇ ಇರುತ್ತೆ. ಸೇತುವೆ ಮೇಲಿದ್ದರೆ ಎಲ್ಲಿಗೆ ಹೋಗ್ತೀರಿ? ಸ್ಟೇಷನ್ನಲ್ಲಿ ಮಲಗೋದಂತೂ ಬಿಟ್ಟುಬಿಡಿ. ಅದು ಲಾಡ್ಜ್ ಅಲ್ಲ, ಸುತ್ತ ಆನೆ ಕಾಡು.

ಆ ದಾರಿ ನೋಡಲೇಬೇಕು ಅಂದ್ರೆ ಹಗಲು ಗಾಡಿ ಹತ್ತಿ. ಯಶವಂತಪುರದಿಂದ ಮಂಗಳೂರಿಗೆ, ಕಾರವಾರಕ್ಕೆ ಹೋಗೋ ಹಗಲು ಗಾಡಿಗಳಿಗೆ 2021ರಲ್ಲಿ ವಿಸ್ಟಾಡೋಮ್ ಅನ್ನೋ ದೊಡ್ಡ ಗಾಜಿನ ಬೋಗಿ ಸೇರಿಸಿದರು. ದುಡ್ಡು ಜಾಸ್ತಿ. ನನ್ನ ಕೇಳಿದರೆ ಸಾದಾ ಸೆಕೆಂಡ್ ಸಿಟ್ಟಿಂಗ್ ಕಿಟಕಿಯೇ ವಾಸಿ. ಗಾಜಿನ ಒಳಗೆ ಕೂತರೆ ಕಾಡಿನ ವಾಸನೆ ಬರಲ್ಲ, ಅಲ್ವಾ? ಸಕಲೇಶಪುರದಿಂದ ಇಳಿಯುವಾಗ ಬಲಗಡೆ ಕೂತುಕೊಳ್ಳಿ, ಕೆಂಪುಹೊಳೆ ಕಣಿವೆ ಆ ಕಡೆಗೇ ಇದೆ. ಹೊರಡೋ ಮುಂಚೆ ಗಾಡಿ ಓಡ್ತಿದೆಯಾ ನೋಡಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಕುಸಿದು ದಿನಗಟ್ಟಲೆ ಎಲ್ಲ ನಿಂತಿತ್ತು.

ಪಾಚಿ ಕಾಡಿನಲ್ಲಿ ನಡೆಯೋದೇ ಮುಖ್ಯ ಅಂದ್ರೆ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಗೆ ಹೋಗಿ, ಝಡ್ ಪಾಯಿಂಟ್ ಅನ್ನೋ ಗುಡ್ಡದ ತುದಿಯ ದಾರಿ. ಮೂರು ಕಿಲೋಮೀಟರ್ ಆಸುಪಾಸು, ಹೆಚ್ಚಿನ ಪಾಲು ಗುಡ್ಡದ ಮಗ್ಗುಲಲ್ಲೇ ಹೋಗುತ್ತೆ, ನಡುವೆ ಶಾಂತಿ ಫಾಲ್ಸ್. ಕೊನೆಯ ಏರು ಮಾತ್ರ ಕಿರಿದು, ಅಲ್ಲಿ ಮಕ್ಕಳ ಕೈ ಬಿಡಬೇಡಿ. ರೈಲಿನ ಹುಚ್ಚಿರೋರಿಗೆ ಒಂದು ಮಾತು. ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗ್ತಿದ್ದದ್ದು ಇದೇ ಗುಡ್ಡದಿಂದ, ರೋಪ್‌ವೇ ಮೇಲೆ. ನವೆಂಬರಿನಿಂದ ಡಿಸೆಂಬರ್ ಅರ್ಧದವರೆಗೆ ಪಾಚಿ ಚೆನ್ನಾಗಿರುತ್ತೆ. ಫೆಬ್ರವರಿಯಲ್ಲಿ ಹೋಗಿ "ಎಲ್ಲಾ ಒಣಗಿದೆ" ಅಂತ ಗೊಣಗಬೇಡಿ. ಅದು ಸತ್ತಿರಲ್ಲ, ಒಂದು ಮಳೆ ಬಿದ್ದರೆ ಮತ್ತೆ ಹಸಿರಾಗುತ್ತೆ. ಮರದ ಪಾಚಿ ಕಿತ್ತು ಆರ್ಕಿಡ್ ಕುಂಡಕ್ಕೆ ತರೋರು ದಯವಿಟ್ಟು ಬರಲೇಬೇಡಿ.

ಇನ್ನು ಬೂಟು. ಫೋಟೋದಲ್ಲಿ ನಿಮ್ಮ ರನ್ನಿಂಗ್ ಶೂ ನೋಡಿದೆ. ಬೇಡ. ಹಾಗಂತ ಐದು ಸಾವಿರದ ಬೂಟು ಕೊಂಡರೂ ಒದ್ದೆ ಪಾಚಿ ಮೇಲೆ ಅದೂ ಜಾರುತ್ತೆ. ದಪ್ಪಗೆ ಮೆತ್ತೆ ಥರ ಬೆಳೆದಿರೋ ಹಸಿರು ಪಾಚಿ ಅಷ್ಟೊಂದು ಜಾರಲ್ಲ. ಬಂಡೆ, ಮೋರಿ, ಸಿಮೆಂಟ್ ಮೆಟ್ಟಿಲ ಮೇಲೆ ತೆಳ್ಳಗೆ ಕಪ್ಪಾಗಿ ಹೊಳೆಯುತ್ತಲ್ಲ, ಅದು ಬೀಳಿಸೋದು. ಬೆಳಗ್ಗೆ ಇಬ್ಬನಿ ಬಿದ್ದಿರುವಾಗ ಇನ್ನೂ ಮೋಸ.

ಇದಕ್ಕೆ ನನ್ನ ಉಪಾಯ ತೆಂಗಿನ ನಾರಿನ ಹುರಿ. ಪೆನ್ಸಿಲ್ ದಪ್ಪದ್ದು ಸಾಕು. ಬೂಟಿನ ಮುಂಗಾಲಿನ ಭಾಗಕ್ಕೆ ಮೂರು ಸುತ್ತು ಹಾಕಿ, ಪಾದದ ಮೇಲೆ ಕತ್ತರಿ ಆಕಾರದಲ್ಲಿ ತಂದು, ಹಿಮ್ಮಡಿ ಹಿಂದೆ ಒಂದು ಸುತ್ತು ಕೊಟ್ಟು, ಗಂಟು ಮೇಲ್ಗಡೆ ಬರೋ ಹಾಗೆ ಕಟ್ಟಿ. ಗಂಟು ಅಡಿಗೆ ಬಂದರೆ ಪಾದ ನೋಯುತ್ತೆ. ಉಳಿದ ತುದಿ ಲೇಸ್ ಒಳಗೆ ಸಿಕ್ಕಿಸಿ, ಬಿಟ್ಟರೆ ಬಳ್ಳಿಗೆ ಸಿಕ್ಕಿ ನೀವೇ ಮುಗ್ಗರಿಸ್ತೀರಿ. ಒರಟು ನಾರು ಆ ಲೋಳೆಯನ್ನು ತಳ್ಳಿ ಕಲ್ಲನ್ನು ಹಿಡಿಯುತ್ತೆ, ನುಣ್ಣನೆ ರಬ್ಬರಿಗೆ ಅದು ಆಗಲ್ಲ. ನೈಲಾನ್ ಹಗ್ಗ ಕಟ್ಟಿ "ನಿಮ್ಮ ಉಪಾಯ ಸರಿಯಿಲ್ಲ" ಅಂತ ಬೈಯೋಕೆ ಬರಬೇಡಿ, ನೈಲಾನೂ ಜಾರುತ್ತೆ. ಒಣ ನೆಲ ಬಂದಾಗ ಬಿಚ್ಚಿಡಿ, ಇಲ್ಲಾಂದ್ರೆ ಬೇಗ ಸವೆಯುತ್ತೆ. ಹುರಿ ಸಿಗಲಿಲ್ಲವಾ, ಹಳೇ ದಪ್ಪ ಹತ್ತಿ ಕಾಲುಚೀಲ ಬೂಟಿನ ಮೇಲೆ ಎಳೆದುಕೊಳ್ಳಿ. ನೋಡೋರು ನಗ್ತಾರೆ, ನಗಲಿ. ತೋಟಕ್ಕೆ ನಾನು ಡಕ್‌ಬ್ಯಾಕ್ ಗಮ್‌ಬೂಟು ಬಿಟ್ಟು ಬೇರೆ ಹಾಕಲ್ಲ, ಆದರೆ ಗಮ್‌ಬೂಟಿನಲ್ಲಿ ಗುಡ್ಡ ಹತ್ತಬೇಡಿ, ಹಿಮ್ಮಡಿ ಸುಲಿಯುತ್ತೆ. ಬ್ಯಾಗು ಅಂದ್ರೆ ಡೆಕಾಥ್ಲಾನ್ ಅಂಗಡಿಯ ಕೆಚುವಾ ಬ್ರಾಂಡಿನ ಸಣ್ಣದೊಂದು ಧಾರಾಳ ಸಾಕು.

ಚಳಿಗಾಲ ಅಂದ್ರೆ ಇಂಬಳ (ಜಿಗಣೆ) ಇಲ್ಲ ಅಂತ ಖುಷಿಪಡ್ತೀರಿ. ಕಮ್ಮಿ ಹೌದು, ಝರಿ ಪಕ್ಕ ಇದ್ದೇ ಇರ್ತವೆ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಅವು ಹೋದ ಹಾಗೆ ಉಣುಗು ಶುರು, ಅದೂ ರಕ್ತ ಹೀರೋ ಸಣ್ಣ ಹುಳ. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಜ್ವರ ಕಾಣಿಸಿಕೊಳ್ಳೋದೂ ಡಿಸೆಂಬರಿನಿಂದ ಮೇವರೆಗೇ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ ಕಡೆ ಬಂದಿದೆ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಒಣಗಿದ ಎಲೆ ರಾಶಿ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೆಪಾ ತೈಲ ಕೊಡ್ತಾರೆ, ಕೇಳಿ ನೋಡಿ. ಕೋತಿ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಅದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬೇರೆ ನೆನೆಸಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಡೋಲೋ ನುಂಗಿ ಸುಮ್ನೆ ಮಲಗಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.